ಏಕಾಕಿಯ ಹಾಡಿಗೆ ಎರಡು ಕಂಠ

೧

ಒಬ್ಬನೇ ಕುಳಿತು, ದೂರವಾದವಳೊಬ್ಬಳನ್ನು ನೆನೆದು ಹಾಡತಕ್ಕ ಹಾಡನ್ನು ಇಬ್ಬರು ಕೂಡಿ ಹಾಡಿದರೆ ಅದರ ಭಾವವು ಉಳಿಯುವುದೆ? ಈ ಪ್ರಶ್ನೆಯು ಮೇಲ್ನೋಟಕ್ಕೆ ಸಣ್ಣದಾಗಿ ಕಾಣಬಹುದು. ಆದರೆ ಭಾವಗೀತದಲ್ಲಿ ‘ನಾನು’ ಎಂದು ನುಡಿಯುವವನು ಯಾರು, ಆ ‘ನಾನು’ ಎಂಬುದು ಕವಿಯ ಸೊತ್ತೋ, ಗಾಯಕನ ಸೊತ್ತೋ, ಕೇಳುವ ಸಹೃದಯನ ಸೊತ್ತೋ ಎಂಬ ದೊಡ್ಡ ಪ್ರಶ್ನೆಯು ಇದರೊಳಗೆ ಅಡಗಿದೆ. ಕಾವ್ಯವನ್ನು ಓದಿಸುವವರೆಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಎದುರಿಸಿಯೇ ಇರುತ್ತಾರೆ.

ಇದನ್ನು ಪರೀಕ್ಷಿಸುವುದಕ್ಕೆ ಅಮೆರಿಕಾ ಸಂಯುಕ್ತಸಂಸ್ಥಾನಗಳ ‘ಕಂಟ್ರಿ’ ಸಂಗೀತವು, ಎಂದರೆ ಅಲ್ಲಿಯ ದಕ್ಷಿಣ ಸೀಮೆಯ ಹಳ್ಳಿಗಾಡಿನಲ್ಲಿ ಹುಟ್ಟಿ ರೇಡಿಯೋ ಮತ್ತು ಧ್ವನಿಮುದ್ರಿಕೆಗಳ ಮೂಲಕ ದೇಶವನ್ನೆಲ್ಲ ವ್ಯಾಪಿಸಿದ ಗೀತಪದ್ಧತಿಯು, ಒಳ್ಳೆಯ ಸಾಮಗ್ರಿಯನ್ನು ಒದಗಿಸುತ್ತದೆ. ಆ ಪದ್ಧತಿಯ ಒಂದು ಶಾಖೆಗೆ ‘ಹಾಂಕಿ-ಟಾಂಕ್’ ಎಂದು ಹೆಸರು. ವಿರಹಿಯ, ಕುಡುಕನ, ಮನೆ ಮುರಿದವನ ಏಕಾಂತವನ್ನು ಹಾಡುವುದೇ ಇದರ ಮುಖ್ಯ ಲಕ್ಷಣ. ೧೯೪೦ ಮತ್ತು ೧೯೫೦ರ ದಶಕಗಳಲ್ಲಿ ಪ್ರಸಿದ್ಧವಾದ ಈ ಬಗೆಯ ಗೀತಗಳನ್ನು ೧೯೮೦ರಿಂದ ಈಚೆಗೆ ಕೆಲವು ಹಿರಿಯ ಗಾಯಕರು ಇಬ್ಬಿಬ್ಬರಾಗಿ ಕೂಡಿ ಮತ್ತೆ ಹಾಡಿ ಸಂಪುಟಗಳನ್ನಾಗಿ ಹೊರತಂದರು. ಇವುಗಳಲ್ಲಿ ವಿಲ್ಲಿ ನೆಲ್ಸನ್ನನೂ ರೇ ಪ್ರೈಸನೂ ಕೂಡಿ ಹಾಡಿದ ‘ಸ್ಯಾನ್ ಆಂಟೋನಿಯೋ ರೋಸ್’ (೧೯೮೦) ಎಂಬ ಸಂಪುಟವನ್ನು ಮುಖ್ಯವಾಗಿಟ್ಟುಕೊಂಡು, ಉಳಿದ ಕೆಲವನ್ನು ಅದರೊಡನೆ ಹೋಲಿಸಿ, ಮೇಲೆ ಹೇಳಿದ ಪ್ರಶ್ನೆಗೆ ಉತ್ತರವನ್ನು ಹುಡುಕುವುದು ಈ ಲೇಖನದ ಉದ್ದೇಶ.

ಪಡಖಾನೆಯ ಹಾಡಿಗೆ ವಿದ್ವಾಂಸರ ಪತ್ರಿಕೆಯಲ್ಲಿ ಏನು ಸ್ಥಳವೆಂದು ಕೇಳುವವರು ಇರಬಹುದು. ರಸವು ಹುಟ್ಟಿದ ಕಡೆಯಲ್ಲಿ ಅದನ್ನು ವಿಚಾರಿಸುವುದು ವಿಮರ್ಶಕನ ಕೆಲಸ. ಸ್ಥಳದ ಮಡಿ-ಮೈಲಿಗೆಗಳನ್ನು ಎಣಿಸುವುದು ಅವನ ಕೆಲಸವಲ್ಲವೆಂದಷ್ಟೇ ಅವರಿಗೆ ನಮ್ಮ ವಿಜ್ಞಾಪನೆ.

೨

‘ಹಾಂಕಿ-ಟಾಂಕ್’ ಎಂಬ ಮಾತಿನ ವ್ಯುತ್ಪತ್ತಿಯು ನಿಶ್ಚಯವಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಟೆಕ್ಸಾಸ್ ಮೊದಲಾದ ಕಡೆಯ ವೃತ್ತಪತ್ರಿಕೆಗಳಲ್ಲಿ ಅದು ಅಗ್ಗದ ಕುಡಿತ-ಕುಣಿತಗಳ ಮನೆ ಎಂಬ ಅರ್ಥದಲ್ಲಿ ಬಂದಿದೆ. ಆದರೆ ಆ ಹೆಸರಿನ ಗೀತಪ್ರಕಾರಕ್ಕೆ ಹುಟ್ಟನ್ನು ಕೊಟ್ಟವು ಅನಂತರದ ಎರಡು ಸಂಗತಿಗಳು. ೧೯೩೦ರಲ್ಲಿ ಪೂರ್ವ ಟೆಕ್ಸಾಸಿನಲ್ಲಿ ಕಲ್ಲೆಣ್ಣೆಯ ದೊಡ್ಡ ನಿಕ್ಷೇಪವು ದೊರೆಯಿತು. ೧೯೩೩ರಲ್ಲಿ ದೇಶದ ಪಾನನಿರೋಧದ ಕಾನೂನು ರದ್ದಾಯಿತು. ಹೊಲವನ್ನು ಬಿಟ್ಟು ಎಣ್ಣೆಯ ಬಾವಿಗಳ ಕೂಲಿಗೆ ಬಂದ ಜನರಿಗಾಗಿ ರಸ್ತೆಗಳ ಪಕ್ಕದಲ್ಲಿ, ಊರ ಹೊರಗೆ, ಪಡಖಾನೆಗಳು ಎದ್ದವು. ಅಲ್ಲಿ ಬಟ್ಟಲುಗಳ ಸದ್ದು, ಕುಣಿಯುವ ಕಾಲುಗಳ ಸದ್ದು, ಆಗಾಗ ಜಗಳದ ಸದ್ದು. ಮನೆಯ ಜಗಲಿಯ ಮೇಲೆ ಇಂಪಾಗಿ ಕೇಳುತ್ತಿದ್ದ ಗಿಟಾರು ಈ ಗದ್ದಲದಲ್ಲಿ ಕೇಳಿಸದಾಯಿತು. ಆದಕಾರಣ ವಿದ್ಯುತ್ತಿನ ಗಿಟಾರು ಬಂದಿತು, ತಾಳವು ಬಿಗಿಯಾಯಿತು, ಕಾಸು ಹಾಕಿದರೆ ಬೇಕಾದ ಹಾಡನ್ನು ಹಾಡುವ ಜೂಕ್‌ಬಾಕ್ಸ್ ಎಂಬ ಯಂತ್ರವು ಮೂಲೆಯಲ್ಲಿ ಬಂದು ನಿಂತಿತು.

ವಸ್ತುವೂ ಬದಲಾಯಿತು. ಹಿಂದಿನ ಹಳ್ಳಿಯ ಹಾಡುಗಳು ಹೆತ್ತ ತಾಯಿ, ಹುಟ್ಟಿದ ಮನೆ, ದೇವರ ಕರುಣೆ, ಸತ್ತ ಕೂಸು ಮೊದಲಾದವನ್ನು ಹಾಡುತ್ತಿದ್ದುವು. ಹೊಸ ಹಾಡುಗಳು ಕುಡಿತವನ್ನೂ, ಮುರಿದ ಮದುವೆಯನ್ನೂ, ಕಳ್ಳ ಪ್ರೇಮವನ್ನೂ ಮುಚ್ಚುಮರೆಯಿಲ್ಲದೆ ಹೇಳಿದುವು. ಅರ್ನೆಸ್ಟ್ ಟಬ್ಬನು ೧೯೪೧ರಲ್ಲಿ ಧ್ವನಿಮುದ್ರಿಸಿದ ‘ವಾಕಿಂಗ್ ದಿ ಫ್ಲೋರ್ ಓವರ್ ಯೂ’ ಎಂಬ ಹಾಡಿನಲ್ಲಿ ವಿರಹಿಯು ನಿದ್ರೆಯಿಲ್ಲದೆ ಕೋಣೆಯಲ್ಲಿ ಅತ್ತಿಂದಿತ್ತ ತಿರುಗುತ್ತಾನೆ. ಫ್ಲಾಯ್ಡ್ ಟಿಲ್ಮನ್ನನು ೧೯೪೯ರ ‘ದಿಸ್ ಕೋಲ್ಡ್ ವಾರ್ ವಿತ್ ಯೂ’ ಎಂಬ ಹಾಡಿನಲ್ಲಿ, ಎರಡು ಮಹಾರಾಷ್ಟ್ರಗಳ ಮೌನವೈರಕ್ಕೆ ಆಗತಾನೆ ರೂಢಿಗೆ ಬಂದಿದ್ದ ‘ಶೀತಲಯುದ್ಧ’ ಎಂಬ ಮಾತನ್ನು ಗಂಡಹೆಂಡಿರ ಮಾತಿಲ್ಲದ ಮುನಿಸಿಗೆ ಹೊಂದಿಸಿದನು. ಇವರ ತರುವಾಯ ಬಂದ ಹ್ಯಾಂಕ್ ವಿಲಿಯಮ್ಸ್ (೧೯೨೩–೧೯೫೩), ಲೆಫ್ಟಿ ಫ್ರಿಜೆಲ್ (೧೯೨೮–೧೯೭೫) ಮೊದಲಾದವರಿಂದ ಈ ಪ್ರಕಾರವು ಪೂರ್ಣವಿಕಾಸವನ್ನು ಪಡೆಯಿತು.

ಇಲ್ಲಿ ಗಮನಿಸಬೇಕಾದ ಒಂದು ವಿಚಿತ್ರವಿದೆ. ಈ ಹಾಡುಗಳ ವಸ್ತು ಏಕಾಂತ. ಇವು ಕೇಳಬಂದ ಸ್ಥಳ ಜನಸಂದಣಿ. ತನ್ನವರು ಯಾರೂ ಇಲ್ಲವೆಂದು ಅಳುವ ಹಾಡನ್ನು ನೂರು ಜನರು ಒಟ್ಟಿಗೆ ಕೇಳುತ್ತಿದ್ದರು. ಅದರ ತಾಳಕ್ಕೆ ಕುಣಿಯುತ್ತಲೂ ಇದ್ದರು. ಜೂಕ್‌ಬಾಕ್ಸಿಗೆ ಕಾಸನ್ನು ಹಾಕಿದವನು ತನ್ನ ದುಃಖವನ್ನು ತಾನೇ ಹಾಡಲಾರದೆ ಮತ್ತೊಬ್ಬನ ಕಂಠದಿಂದ ಹಾಡಿಸುತ್ತಿದ್ದನು. ಹಾಗೆ ನೋಡಿದರೆ ಹಾಂಕಿ-ಟಾಂಕ್ ಗೀತವು ಮೊದಲಿನಿಂದಲೂ ಇಬ್ಬರ ಹಾಡೇ ಆಗಿತ್ತು: ಹಾಡುವವನು ಒಬ್ಬ, ಬಟ್ಟಲಿನ ಮುಂದೆ ಬಾಯಿ ಬಿಡದೆ ಕುಳಿತವನು ಇನ್ನೊಬ್ಬ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಕ್ಕೆ ನಡೆಯೋಣ.

೩

ಕಂಟ್ರಿ ಸಂಗೀತದಲ್ಲಿ ಯುಗಳಗಾಯನವು ಹೊಸದೇನೂ ಅಲ್ಲ. ಅದರಲ್ಲಿ ಹಳೆಯ ಎರಡು ಬಗೆಗಳುಂಟು. ಒಂದು, ಒಡಹುಟ್ಟಿದವರ ಗಾಯನ. ಲೌವಿನ್ ಸಹೋದರರು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಕಂಠಗಳು ಎರಡಾದರೂ ಮನಸ್ಸು ಒಂದೇ; ಒಂದು ಕಂಠವು ಸ್ವರವನ್ನು ಹಿಡಿದರೆ ಇನ್ನೊಂದು ಅದರ ಮೇಲೆ ತುಸು ಎತ್ತರದಲ್ಲಿ ನೆರಳಿನಂತೆ ನಡೆಯುತ್ತದೆ. ಇನ್ನೊಂದು, ಸ್ತ್ರೀಪುರುಷರ ಗಾಯನ. ಕಿಟ್ಟಿ ವೆಲ್ಸ್ ಮತ್ತು ರೆಡ್ ಫೋಲಿ ಎಂಬುವರ ೧೯೫೪ರ ‘ಒನ್ ಬೈ ಒನ್’ ಎಂಬುದರಿಂದ ಹಿಡಿದು ಜಾರ್ಜ್ ಜೋನ್ಸ್-ಟ್ಯಾಮಿ ವೈನೆಟ್ ದಂಪತಿಗಳ ಹಾಡುಗಳವರೆಗೆ ಇದರ ಪರಂಪರೆ ಬೆಳೆದಿದೆ. ಇಲ್ಲಿ ಇಬ್ಬರು ಪಾತ್ರಗಳು. ಇದು ಸಂವಾದ, ಕಿರುನಾಟಕ.

ನಮ್ಮ ವಿಚಾರಕ್ಕೆ ವಿಷಯವಾದ ಸಂಪುಟಗಳು ಇವೆರಡಕ್ಕೂ ಸೇರುವುದಿಲ್ಲ. ಇಲ್ಲಿ ಹಾಡುವವರು ಇಬ್ಬರು ಗಂಡಸರು, ಒಡಹುಟ್ಟಿದವರಲ್ಲ, ಇಬ್ಬರಿಗೂ ತಮ್ಮ ತಮ್ಮ ಹೆಸರು, ತಮ್ಮ ತಮ್ಮ ದಾರಿ ಉಂಟು. ಹಾಡಿನಲ್ಲಿರುವ ‘ನಾನು’ ಮಾತ್ರ ಒಂದೇ. ಒಂದು ಅಂಗಿಯನ್ನು ಇಬ್ಬರು ತೊಡುವುದು ಹೇಗೆ? ಒಬ್ಬನ ಪ್ರೇಯಸಿ ಬಿಟ್ಟುಹೋದಳೆಂದು ಇಬ್ಬರೂ ಒಟ್ಟಿಗೆ ಅತ್ತರೆ ಕೇಳುವವರಿಗೆ ನಗು ಬಾರದೆ? ಹೀಗೆ ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಇಂತಹ ಸಂಪುಟಗಳಲ್ಲಿ ಕೆಲವು ಈ ಹಾಸ್ಯಾಸ್ಪದತೆಗೆ ಬಿದ್ದೂ ಇವೆ. ಬೀಳದೆ ಉಳಿದವು ಯಾವ ಉಪಾಯದಿಂದ ಉಳಿದವೆಂಬುದನ್ನು ನೋಡಬೇಕು.

೪

ರೇ ಪ್ರೈಸನು (೧೯೨೬–೨೦೧೩) ಟೆಕ್ಸಾಸಿನವನು. ನ್ಯಾಶ್‌ವಿಲ್ ನಗರದಲ್ಲಿ ಹ್ಯಾಂಕ್ ವಿಲಿಯಮ್ಸನೊಡನೆ ಒಂದೇ ಮನೆಯಲ್ಲಿ ಸ್ವಲ್ಪ ಕಾಲ ವಾಸವಾಗಿದ್ದವನು. ವಿಲಿಯಮ್ಸನು ತೀರಿಕೊಂಡ ಮೇಲೆ ಅವನ ವಾದ್ಯಗಾರರನ್ನು ಕೆಲವು ದಿನ ನಡೆಯಿಸಿದವನು. ಮೊದಮೊದಲು ಅವನ ಹಾಡಿನಲ್ಲಿ ಗೆಳೆಯನ ನೆರಳು ದಟ್ಟವಾಗಿತ್ತು. ೧೯೫೬ರ ‘ಕ್ರೇಜಿ ಆರ್ಮ್ಸ್’ ಎಂಬ ಗೀತದಿಂದ ಅವನು ತನ್ನತನವನ್ನು ಪಡೆದನು. ರಾಲ್ಫ್ ಮೂನಿ ಮತ್ತು ಚಕ್ ಸೀಲ್ಸ್ ಎಂಬುವರು ರಚಿಸಿದ ಈ ಗೀತವು ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ ೨೦ ವಾರಗಳ ಕಾಲ ಮೊದಲನೆಯ ಸ್ಥಾನದಲ್ಲಿ ನಿಂತಿತು. ಅದುವರೆಗೆ ಇಂತಹ ಹಾಡುಗಳಲ್ಲಿ ಮಂದ್ರವಾದ್ಯವು ನಾಲ್ಕು ಮಾತ್ರೆಗಳಲ್ಲಿ ಎರಡನ್ನು ಮಾತ್ರ ಒತ್ತಿ ನುಡಿಸುವುದು ವಾಡಿಕೆ. ಇಲ್ಲಿ ಅದು ನಾಲ್ಕು ಮಾತ್ರೆಗಳಲ್ಲಿಯೂ ಹೆಜ್ಜೆಯಿಟ್ಟು ನಡೆಯುತ್ತದೆ. ಅದರ ಮೇಲೆ ಒಂದೇ ತಂತಿಯ ಮೇಲೆಳೆದ ಪಿಟೀಲು, ಅದರ ಮೇಲೆ ಸ್ಟೀಲ್ ಗಿಟಾರಿನ ಕೊರಗು. ದುಃಖಿಯ ಎದೆ ನಿಂತರೂ ಕಾಲು ನಿಲ್ಲದೆ ನಡೆಯುವಂತಿರುವ ಈ ಗತಿಗೆ ‘ರೇ ಪ್ರೈಸ್ ಷಫಲ್’ ಎಂದೇ ಹೆಸರಾಯಿತು.

ಆ ಮೂಲ ಮುದ್ರಿಕೆಯಲ್ಲಿಯೂ ಎರಡನೆಯ ಕಂಠವೊಂದು ಇದೆಯೆಂಬುದನ್ನು ಮರೆಯಬಾರದು. ವ್ಯಾನ್ ಹೋವರ್ಡ್ ಎಂಬ ಗಾಯಕನು ಪ್ರೈಸನ ಸ್ವರಕ್ಕೆ ಮೇಲಿನ ಸ್ವರವನ್ನು ಕೂಡಿಸಿದ್ದಾನೆ. ಆದರೆ ಮುದ್ರಿಕೆಯ ಮೇಲೆ ದೊಡ್ಡದಾಗಿ ಕಾಣುವುದು ಪ್ರೈಸನ ಹೆಸರು. ಏಕಾಕಿಯ ಪಕ್ಕದಲ್ಲಿ ಒಬ್ಬ ಜೊತೆಗಾರನು ಯಾವಾಗಲೂ ನಿಂತಿದ್ದನು. ಅವನು ಸಂಬಳದವನಾದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ವಿಲ್ಲಿ ನೆಲ್ಸನ್ನನು (ಜನನ ೧೯೩೩) ಇಂತಹ ಸಂಬಳದವನಾಗಿಯೇ ಪ್ರೈಸನ ಬಳಿಗೆ ಬಂದನು. ಪ್ರೈಸನು ಪಾಲುದಾರನಾಗಿದ್ದ ಪ್ಯಾಂಪರ್ ಮ್ಯೂಸಿಕ್ ಎಂಬ ಗೀತಪ್ರಕಾಶನ ಸಂಸ್ಥೆಯಲ್ಲಿ ಅವನು ವಾರಕ್ಕೆ ೫೦ ಡಾಲರಿನ ಗೀತಕಾರನಾಗಿದ್ದನು; ೧೯೬೦ರ ದಶಕದ ಆರಂಭದಲ್ಲಿ ಪ್ರೈಸನ ‘ಚೆರೋಕಿ ಕೌಬಾಯ್ಸ್’ ಎಂಬ ಮೇಳದಲ್ಲಿ ಮಂದ್ರವಾದ್ಯವನ್ನು ನುಡಿಸಿದನು. ‘ನೈಟ್ ಲೈಫ್’ ಎಂಬ ತನ್ನ ಗೀತದ ಹಕ್ಕನ್ನು ಅವನು ಬಡತನದ ದಿನಗಳಲ್ಲಿ ೧೫೦ ಡಾಲರುಗಳಿಗೆ ಮಾರಿಕೊಂಡಿದ್ದನು. ಅದೇ ಗೀತದ ಹೆಸರನ್ನು ಪ್ರೈಸನು ೧೯೬೩ರಲ್ಲಿ ತನ್ನ ಒಂದು ಸಂಪುಟಕ್ಕೆ ಇಟ್ಟನು. ಅಲ್ಲಿಂದ ಮುಂದೆ ಇಬ್ಬರ ದಾರಿಗಳೂ ಅದಲುಬದಲಾದುವು. ಪ್ರೈಸನು ೧೯೬೭ರ ‘ಡ್ಯಾನಿ ಬಾಯ್’ ಮತ್ತು ೧೯೭೦ರ ‘ಫಾರ್ ದಿ ಗುಡ್ ಟೈಮ್ಸ್’ ಎಂಬುವುಗಳಿಂದ ದೊಡ್ಡ ವಾದ್ಯವೃಂದದ ನಯವಾದ ಗಾಯನಕ್ಕೆ ತಿರುಗಿದನು; ಹಳೆಯ ಅಭಿಮಾನಿಗಳಲ್ಲಿ ಅನೇಕರು ಅವನನ್ನು ಮನೆ ಬಿಟ್ಟುಹೋದವನೆಂದು ಬಗೆದರು. ನೆಲ್ಸನ್ನನಾದರೋ ನ್ಯಾಶ್‌ವಿಲ್ಲಿನ ನಯವನ್ನು ತೊರೆದು ಟೆಕ್ಸಾಸಿಗೆ ಹಿಂತಿರುಗಿ, ‘ರೆಡ್ ಹೆಡೆಡ್ ಸ್ಟ್ರೇಂಜರ್’ (೧೯೭೫), ‘ಸ್ಟಾರ್‌ಡಸ್ಟ್’ (೧೯೭೮) ಎಂಬ ಸಂಪುಟಗಳಿಂದ ದೇಶದಲ್ಲೆಲ್ಲ ಹೆಸರುಗೊಂಡನು. ೧೯೮೦ರಲ್ಲಿ ಇಬ್ಬರೂ ಕೂಡಿದಾಗ ಸಂಪುಟದ ಮೇಲೆ ಮೊದಲು ಬಂದ ಹೆಸರು ಹಿಂದಿನ ಸೇವಕನದು. ಎರಡನೆಯದು ಹಿಂದಿನ ಯಜಮಾನನದು.

ಇದಿಷ್ಟನ್ನೂ ಹೇಳಿದುದು ಚರಿತ್ರೆಯ ಚಪಲದಿಂದಲ್ಲ. ಆ ಸಂಪುಟದ ಗಾಯನದ ಅರ್ಥವು ಈ ಸಂಬಂಧದ ಮೇಲೆ ನಿಂತಿದೆ. ಪ್ರೈಸನ ಕಂಠವು ತುಂಬಿದ ಕಂಠ. ಸ್ವರದಿಂದ ಸ್ವರಕ್ಕೆ ಸೇತುವೆ ಕಟ್ಟಿದಂತೆ ನಡೆಯುತ್ತದೆ. ತಾಳವನ್ನು ನೆಟ್ಟಗೆ ಹಿಡಿಯುತ್ತದೆ. ನೆಲ್ಸನ್ನನ ಕಂಠವು ತೆಳು, ಮೂಗಿನ ಕಡೆಗೆ ತುಸು ವಾಲಿದ್ದು. ಅವನು ತಾಳವು ಮುಂದೆ ಹೋಗಲೆಂದು ಬಿಟ್ಟು, ಮಾತಾಡುವವನಂತೆ ಹಿಂದೆ ಉಳಿದು, ಆಮೇಲೆ ಅವಸರದಿಂದ ಓಡಿ ಬಂದು ಕೂಡಿಕೊಳ್ಳುತ್ತಾನೆ. ನಮ್ಮ ಸಂಗೀತದ ಅನಾಗತವನ್ನು ಇದು ನೆನಪಿಗೆ ತಂದರೂ ಅದರಂತೆ ಲೆಕ್ಕಕ್ಕೆ ಕಟ್ಟುಬಿದ್ದುದಲ್ಲ. ಇಂತಹ ಎರಡು ಕಂಠಗಳು ಸಹೋದರರ ಗಾಯನದಂತೆ ಬೆರೆಯುವುದು ಅಸಾಧ್ಯ. ಅವರು ಬೆರೆಯಲು ಯತ್ನಿಸಿಯೂ ಇಲ್ಲ. ಬಹುಮಟ್ಟಿಗೆ ಒಂದೊಂದು ಭಾಗವನ್ನು ಒಬ್ಬೊಬ್ಬನು ಹಾಡಿ, ಪಲ್ಲವಿಯಲ್ಲಿ ಕೂಡುತ್ತಾರೆ. ಕೂಡಿದಾಗ, ನಮ್ಮ ಕಿವಿಗೆ ಕೇಳಿಸಿದಂತೆ, ನೆಲ್ಸನ್ನನು ತನ್ನ ಅಲೆದಾಟವನ್ನು ತಗ್ಗಿಸುತ್ತಾನೆ. ಪ್ರೈಸನು ತನ್ನ ಸ್ವರದ ಕೊನೆಯನ್ನು ತುಸು ಸಡಿಲಿಸಿ ಕಾಯುತ್ತಾನೆ. ಇಬ್ಬರೂ ತಮ್ಮ ಸ್ವಭಾವವನ್ನು ಬಿಟ್ಟುಕೊಡದೆ ಒಬ್ಬರಿಗೊಬ್ಬರು ಎಡೆಮಾಡುವ ಈ ಸೌಜನ್ಯವೇ ಸಂಪುಟದ ಜೀವ.

‘ಕ್ರೇಜಿ ಆರ್ಮ್ಸ್’ ಗೀತವನ್ನೇ ತೆಗೆದುಕೊಳ್ಳೋಣ. ತನ್ನವಳಾಗಬೇಕಾದವಳು ಮತ್ತೊಬ್ಬನ ಕೈಹಿಡಿಯಲಿದ್ದಾಳೆ. ತನ್ನ ತೋಳುಗಳು ಮಾತ್ರ ಬುದ್ಧಿಯ ಮಾತನ್ನು ಕೇಳದೆ ಅವಳಿಗಾಗಿ ಚಾಚುತ್ತಿವೆ ಎಂಬುದು ಅದರ ವಸ್ತು. ೩೦ ವರ್ಷದ ಪ್ರೈಸನು ಹಾಡಿದಾಗ ಅದರಲ್ಲಿ ಇನ್ನೂ ಬಿಸಿಯಿತ್ತು. ಅವಳು ಈಗಲೂ ಮನಸ್ಸು ಬದಲಾಯಿಸಿಯಾಳೆಂಬ ಎಳೆಯಷ್ಟು ಆಸೆ ತಾಳದ ಓಟದಲ್ಲಿ ಕಾಣುತ್ತಿತ್ತು. ನಮ್ಮ ಆಲಂಕಾರಿಕರು ವಿಪ್ರಲಂಭಕ್ಕೂ ಕರುಣಕ್ಕೂ ಭೇದವನ್ನು ಹೇಳುವಾಗ ಮತ್ತೆ ಕೂಡುವ ಆಶೆಯಿರುವುದೂ ಇಲ್ಲದಿರುವುದೂ ಗೆರೆಯೆಂದು ನಿರ್ಣಯಿಸಿದ್ದಾರೆ. ಆ ಗೆರೆಯಿಂದ ಅಳೆದರೆ ೧೯೫೬ರದು ವಿಪ್ರಲಂಭ. ೧೯೮೦ರಲ್ಲಿ ೫೪ ವರ್ಷದವನೊಬ್ಬ, ೪೭ ವರ್ಷದವನೊಬ್ಬ ಕೂಡಿ ಹಾಡುವಾಗ ಅವಳು ಬಂದಾಳೆಂಬ ನಿರೀಕ್ಷೆ ಯಾರಿಗೂ ಇಲ್ಲ. ಆದರೂ ಹಾಡು ಸತ್ತಿಲ್ಲ. ಅದರ ಸ್ಥಾಯಿಯಾದ ರತಿಯು ಹಿನ್ನೆಲೆಗೆ ಸರಿದು, ಸಂಚಾರಿಯಾಗಿದ್ದ ಸ್ಮೃತಿಯು ಮುಂದಕ್ಕೆ ಬಂದಿದೆ. ಅವರು ನೆನೆಯುತ್ತಿರುವುದು ಒಬ್ಬ ಹೆಂಗಸನ್ನಲ್ಲ. ಆ ಹಾಡನ್ನು, ಅದನ್ನು ಹಾಡುತ್ತಿದ್ದ ರಾತ್ರಿಗಳನ್ನು, ಅಲ್ಲಿ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ ತಮ್ಮ ಯೌವನವನ್ನು. ಸ್ಮರಣೆಗೆ ಇಬ್ಬರು ಇರುವುದು ಅನುಚಿತವಲ್ಲ. ಇಬ್ಬರಿದ್ದರೇ ಅದಕ್ಕೆ ಸಾಕ್ಷಿ.

‘ಫನಿ ಹೌ ಟೈಮ್ ಸ್ಲಿಪ್ಸ್ ಅವೇ’ ಎಂಬ ನೆಲ್ಸನ್ನನ ರಚನೆಯಲ್ಲಿ ಈ ಮಾರ್ಪಾಟು ಇನ್ನೂ ಸ್ಪಷ್ಟವಾಗಿದೆ. ಬಿಟ್ಟುಹೋದವಳು ಬಹುಕಾಲದ ಮೇಲೆ ದಾರಿಯಲ್ಲಿ ಸಿಕ್ಕಿದಾಗ ಆಡುವ ಕುಶಲಪ್ರಶ್ನೆಗಳೇ ಆ ಹಾಡು. ಮರ್ಯಾದೆಯ ಮಾತಿನ ಅಡಿಯಲ್ಲಿ ಮುಳ್ಳು ಇದೆ. ಒಬ್ಬನೇ ಹಾಡಿದರೆ ಮುಳ್ಳು ಚುಚ್ಚುತ್ತದೆ. ಈ ಇಬ್ಬರು ಒಬ್ಬರಾದ ಮೇಲೊಬ್ಬರು ಹಾಡುವಾಗ, ಬಹುಕಾಲದ ಮೇಲೆ ಸಂಧಿಸಿದ ಹಳೆಯ ಪರಿಚಿತರು ಇವರೇ ಎಂದು ಕೇಳುವವನಿಗೆ ಥಟ್ಟನೆ ತೋರುತ್ತದೆ. ಒಂದು ಅಕ್ಷರವೂ ಬದಲಾಗಿಲ್ಲ. ಸಂಬೋಧನೆಯು ಮಾತ್ರ ತಿರುಗಿದೆ. ಕಾಲವು ಜಾರಿಹೋಯಿತೆಂಬ ಮಾತು ಪ್ರಣಯದ ವ್ಯಂಗ್ಯವಾಗಿದ್ದುದು ಬಾಳಿನ ಸತ್ಯವಾಗುತ್ತದೆ. ‘ನೈಟ್ ಲೈಫ್’ ಹಾಡಿನಲ್ಲಿಯೂ ಹಾಗೆಯೇ. ೧೫೦ ಡಾಲರಿಗೆ ಅದನ್ನು ಮಾರಿದವನೂ ಅದರಿಂದ ಹೆಸರು ಪಡೆದವನೂ ಒಂದೇ ವೇದಿಕೆಯಲ್ಲಿ ನಿಂತು ಅದನ್ನು ಹಾಡುತ್ತಿರುವಾಗ, ರಾತ್ರಿಯ ಜೀವನವು ಒಳ್ಳೆಯ ಜೀವನವಲ್ಲದಿದ್ದರೂ ತನ್ನದೆಂಬ ಅದರ ಭಾವಕ್ಕೆ ಒಬ್ಬ ಗಾಯಕನಿಂದ ಬಾರದ ಭಾರವು ಬರುತ್ತದೆ.

೫

ಈ ಗುಣವು ಯುಗಳಗಾಯನದಿಂದ ತಾನೇ ತಾನಾಗಿ ಹುಟ್ಟುವುದಿಲ್ಲವೆಂಬುದಕ್ಕೆ ಅನಂತರದ ಸಂಪುಟಗಳೇ ಸಾಕ್ಷಿ. ಮೊದಲಿನದರ ಯಶಸ್ಸನ್ನು ಕಂಡು ನೆಲ್ಸನ್ನನು ಹಿರಿಯರೊಡನೆ ಹಾಡುವುದನ್ನು ಒಂದು ವ್ರತದಂತೆ ನಡೆಯಿಸಿದನು. ೧೯೮೨ರಲ್ಲಿ ವೆಬ್ ಪಿಯರ್ಸನೊಡನೆ ‘ಇನ್ ದಿ ಜೇಲ್‌ಹೌಸ್ ನೌ’, ೧೯೮೫ರಲ್ಲಿ ಫ್ಯಾರನ್ ಯಂಗನೊಡನೆ ‘ಫನಿ ಹೌ ಟೈಮ್ ಸ್ಲಿಪ್ಸ್ ಅವೇ’ ಎಂಬ ಸಂಪುಟಗಳು ಬಂದುವು. ಉದ್ದೇಶವು ಶ್ಲಾಘ್ಯ. ೧೯೫೦ರ ದಶಕದಲ್ಲಿ ಪಿಯರ್ಸನಷ್ಟು ಜನಪ್ರಿಯತೆಯನ್ನು ಪಡೆದವರು ವಿರಳ: ೧೯೫೫ರ ‘ಇನ್ ದಿ ಜೇಲ್‌ಹೌಸ್ ನೌ’ ೨೧ ವಾರ, ಅದರ ಹಿಂದಿನ ವರ್ಷದ ‘ಸ್ಲೋಲಿ’ ೧೭ ವಾರ ಮೊದಲನೆಯ ಸ್ಥಾನದಲ್ಲಿದ್ದುವು. ‘ಸ್ಲೋಲಿ’ಯಲ್ಲಿ ಬಡ್ ಐಸಾಕ್ಸನು ಕಾಲಿನ ಮೆಟ್ಟನ್ನು ಒತ್ತಿ ಸ್ಟೀಲ್ ಗಿಟಾರಿನ ಸ್ವರವನ್ನು ಜಾರಿಸಿದ ರೀತಿಯು ಆ ವಾದ್ಯದ ಚರಿತ್ರೆಯನ್ನೇ ಬದಲಾಯಿಸಿತು. ಆದರೆ ೧೯೮೦ರ ಹೊತ್ತಿಗೆ ಅವನ ಹೆಸರು ಮಸಕಾಗಿತ್ತು. ಅವನ ಹಾಡುಗಳನ್ನು ಮತ್ತೆ ಜನರ ಮುಂದೆ ತರಬೇಕೆಂಬುದು ಋಣ ತೀರಿಸುವ ಕೆಲಸ.

ಆದರೂ ಋಣ ತೀರಿಸುವುದು ಬೇರೆ, ರಸ ಹುಟ್ಟಿಸುವುದು ಬೇರೆ. ಪಿಯರ್ಸನ ಕಂಠಕ್ಕೆ ಸಹಜವಾದುದು ಏರುಸ್ವರದ ಚೀರು; ‘ದೇರ್ ಸ್ಟ್ಯಾಂಡ್ಸ್ ದಿ ಗ್ಲಾಸ್’ (೧೯೫೩) ಎಂಬ ಹಾಡಿನಲ್ಲಿ ತುಂಬಿದ ಬಟ್ಟಲನ್ನು ದಿಟ್ಟಿಸುತ್ತ ಅದನ್ನೇ ಮದ್ದೆಂದು ಬೇಡುವ ಮನುಷ್ಯನ ಹತಾಶೆಯು ಆ ಚೀರಿನಿಂದಲೇ ನಿಜವಾಗಿತ್ತು. ಪುನರ್ಗಾನದಲ್ಲಿ ಆ ಅಂಚು ಮೊಂಡಾಗಿದೆ. ನೆಲ್ಸನ್ನನು ಗೌರವದಿಂದ ಹಿಂದೆ ಸರಿಯುತ್ತಾನೆ. ಕುಡುಕನ ಬಟ್ಟಲು ಇಲ್ಲಿ ಸನ್ಮಾನದ ಬಟ್ಟಲಾಗಿದೆ. ಯಂಗನ ಸಂಪುಟದಲ್ಲಿ ‘ಹಲೋ ವಾಲ್ಸ್’ ಎಂಬ ನೆಲ್ಸನ್ನನ ರಚನೆ ಇದೆ. ೧೯೬೧ರಲ್ಲಿ ಯಂಗನಿಗೆ ಅಗ್ರಸ್ಥಾನವನ್ನು ತಂದುಕೊಟ್ಟ ಹಾಡು ಅದು. ಹೆಂಡತಿ ಬಿಟ್ಟುಹೋದ ಮನೆಯಲ್ಲಿ ಒಬ್ಬನು ಗೋಡೆ, ಕಿಟಕಿ, ಮಾಡುಗಳನ್ನು ಮಾತಾಡಿಸುವುದು ಅದರ ಚಮತ್ಕಾರ. ಗೋಡೆಯೊಡನೆ ಮಾತಾಡುವವನಿಗೆ ಪಕ್ಕದಲ್ಲಿ ಗೆಳೆಯನಿದ್ದರೆ ಗೋಡೆಯ ಅವಶ್ಯಕತೆಯೇನು? ಇಬ್ಬರ ಕಂಠವನ್ನು ತಾಳದ ಹಾಡುಗಳೂ ಉಂಟೆಂಬುದನ್ನು ಈ ಉದಾಹರಣೆಯಿಂದ ಒಪ್ಪಿಕೊಳ್ಳಬೇಕು. ಯಾವ ಗೀತದ ಜೀವವು ಸ್ಮೃತಿಯಲ್ಲಿದೆಯೋ ಅದು ಹಂಚಿಕೊಂಡಷ್ಟೂ ಬೆಳೆಯುತ್ತದೆ. ಯಾವುದರ ಜೀವವು ಕಣ್ಣೆದುರಿನ ಸನ್ನಿವೇಶದಲ್ಲಿದೆಯೋ ಅದು ಹಂಚಿಕೊಂಡರೆ ಒಡೆಯುತ್ತದೆ.

ಜಾರ್ಜ್ ಜೋನ್ಸ್ ಮತ್ತು ಮರ್ಲ್ ಹ್ಯಾಗರ್ಡ್ ಎಂಬ ಇಬ್ಬರು ಮಹಾಗಾಯಕರು ೨೦೦೬ರಲ್ಲಿ ಹೊರತಂದ ‘ಕಿಕಿನ್ ಔಟ್ ದಿ ಫುಟ್‌ಲೈಟ್ಸ್... ಅಗೇನ್’ ಎಂಬ ಸಂಪುಟವು ಈ ತೊಡಕಿಗೆ ಬೇರೊಂದು ಪರಿಹಾರವನ್ನು ಕಂಡುಕೊಂಡಿದೆ. ಅಲ್ಲಿ ಜೋನ್ಸನು ಹ್ಯಾಗರ್ಡನ ಹಾಡುಗಳನ್ನೂ ಹ್ಯಾಗರ್ಡನು ಜೋನ್ಸನ ಹಾಡುಗಳನ್ನೂ ಒಬ್ಬೊಬ್ಬನಾಗಿಯೇ ಹಾಡುತ್ತಾರೆ. ಕೂಡಿ ಹಾಡುವುದು ಕೆಲವನ್ನು ಮಾತ್ರ. ಏಕಾಕಿಯ ಏಕಾಂತಕ್ಕೆ ಭಂಗವಿಲ್ಲ; ಮನೆಗಳು ಮಾತ್ರ ಅದಲುಬದಲಾಗಿವೆ. ಒಬ್ಬನ ‘ನಾನು’ ಮತ್ತೊಬ್ಬನ ಬಾಯಿಂದ ಬರುವಾಗ ಅದು ಯಾರದೂ ಅಲ್ಲದ, ಆದುದರಿಂದ ಎಲ್ಲರದೂ ಆದ ‘ನಾನು’ ಎಂದು ಗೊತ್ತಾಗುತ್ತದೆ. ಭಟ್ಟನಾಯಕನೂ ಅಭಿನವಗುಪ್ತನೂ ಸಾಧಾರಣೀಕರಣವೆಂದು ಕರೆದ ವ್ಯಾಪಾರಕ್ಕೆ ಇದಕ್ಕಿಂತ ಸರಳವಾದ ದೃಷ್ಟಾಂತವನ್ನು ತರಗತಿಯಲ್ಲಿ ಕೊಡುವುದು ಕಷ್ಟ.

೬

ಇಲ್ಲಿಯವರೆಗೆ ಹೇಳದೆ ಉಳಿಸಿದ ಒಂದು ಆಕ್ಷೇಪವಿದೆ. ಅದು ಉಳಿದೆಲ್ಲಕ್ಕಿಂತ ಬಲವಾದುದು. ಈ ಹಾಡುಗಳಲ್ಲಿ ‘ನೀನು’ ಎನ್ನಿಸಿಕೊಂಡವಳಿಗೆ ಬಾಯಿಲ್ಲ. ಒಬ್ಬ ಗಂಡಸು ಅವಳನ್ನು ದೂರಿದರೆ ಅದು ಅಳಲು. ಇಬ್ಬರು ಕೂಡಿ ದೂರಿದರೆ ಪಂಚಾಯಿತಿ. ಪ್ರತಿವಾದಿಯಿಲ್ಲದ ಪಂಚಾಯಿತಿಯಲ್ಲಿ ನ್ಯಾಯವೆಲ್ಲಿಯದು? ಈ ಅನ್ಯಾಯವನ್ನು ಆ ಸಂಪ್ರದಾಯವೇ ಮೊದಲು ಗುರುತಿಸಿತೆಂಬುದು ಅದರ ಹಿರಿಮೆ. ೧೯೫೨ರಲ್ಲಿ ಹ್ಯಾಂಕ್ ಥಾಂಪ್ಸನ್ನನು ‘ದಿ ವೈಲ್ಡ್ ಸೈಡ್ ಆಫ್ ಲೈಫ್’ ಎಂಬ ಹಾಡಿನಲ್ಲಿ ಮನೆಯನ್ನು ಬಿಟ್ಟು ಪಡಖಾನೆಯ ಬೆಳಕಿಗೆ ಹೋದವಳನ್ನು ನಿಂದಿಸಿದನು. ಅದೇ ವರ್ಷ, ಅದೇ ಧಾಟಿಯಲ್ಲಿ, ಕಿಟ್ಟಿ ವೆಲ್ಸ್ ಎಂಬಾಕೆ ಅಂತಹ ಹೆಂಗಸರನ್ನು ಸೃಷ್ಟಿಸಿದವನು ದೇವರಲ್ಲ, ಮದುವೆಯಾಗಿದ್ದೂ ಇಲ್ಲವೆಂದು ನಟಿಸುವ ಗಂಡಸರೇ ಎಂಬ ಉತ್ತರವನ್ನು ಹಾಡಿದಳು. ಬಿಲ್‌ಬೋರ್ಡಿನ ಕಂಟ್ರಿ ಪಟ್ಟಿಯಲ್ಲಿ ಒಬ್ಬಳೇ ಹೆಂಗಸು ಹಾಡಿ ಮೊದಲನೆಯ ಸ್ಥಾನಕ್ಕೆ ಬಂದ ಹಾಡುಗಳಲ್ಲಿ ಅದೇ ಮೊದಲನೆಯದು.

೧೯೯೩ರಲ್ಲಿ ಲೊರೆಟಾ ಲಿನ್, ಡಾಲಿ ಪಾರ್ಟನ್, ಟ್ಯಾಮಿ ವೈನೆಟ್ ಎಂಬ ಮೂವರು ‘ಹಾಂಕಿ ಟಾಂಕ್ ಏಂಜೆಲ್ಸ್’ ಎಂಬ ಸಂಪುಟದಲ್ಲಿ ಈ ಉತ್ತರವನ್ನು ಮತ್ತೆ ಹಾಡಿದರು. ಹಾಡುವಾಗ ಕಿಟ್ಟಿ ವೆಲ್ಸಳನ್ನೇ ಜೊತೆಗೆ ಕರೆದುಕೊಂಡರು. ೧೯೫೨ರಲ್ಲಿ ಒಬ್ಬಳೇ ನಿಂತು ಹೇಳಿದ ಮಾತಿಗೆ ನಾಲ್ವತ್ತೊಂದು ವರ್ಷಗಳ ಮೇಲೆ ಮೂವರ ಬೆಂಬಲ ದೊರೆಯಿತು. ಗಂಡಸರ ಯುಗಳಗಳಲ್ಲಿ ಬಹುಕಂಠವು ಸ್ಮೃತಿಗೆ ಸಾಧನವಾದರೆ ಇಲ್ಲಿ ಅದು ವಾದಕ್ಕೆ ಬಲವಾಗಿದೆ. ನೆಲ್ಸನ್-ಪ್ರೈಸರ ಸಂಪುಟವು ಎಷ್ಟೇ ಚೆನ್ನಾಗಿದ್ದರೂ ಈ ಎರಡನೆಯ ಪಕ್ಷವನ್ನು ಕೇಳದೆ ಅದರ ಬೆಲೆಯನ್ನು ಪೂರ್ತಿಯಾಗಿ ಕಟ್ಟಲಾಗದು. ಅದು ಸ್ಮೃತಿಯ ಕಡೆಗೆ ಒಲಿದಾಗ ಈ ಆಕ್ಷೇಪದಿಂದ ಪಾರಾಗುತ್ತದೆ. ‘ರಿಲೀಸ್ ಮಿ’ಯಂತಹ ಹಾಡಿನಲ್ಲಿ, ಒಲವು ಹೋಯಿತು ಬಿಡುಗಡೆ ಕೊಡು ಎಂದು ಇಬ್ಬರೂ ಒಕ್ಕೊರಲಿನಿಂದ ಕೇಳುವಾಗ, ಪೂರ್ತಿಯಾಗಿ ಪಾರಾಗುವುದಿಲ್ಲ.

೭

ಪ್ರೈಸನೂ ನೆಲ್ಸನ್ನನೂ ೨೦೦೩ರಲ್ಲಿ ಮತ್ತೊಂದು ಸಂಪುಟದಲ್ಲಿ ಕೂಡಿದರು. ಆಮೇಲೆ ೨೦೦೭ರಲ್ಲಿ ಹ್ಯಾಗರ್ಡನನ್ನೂ ಸೇರಿಸಿಕೊಂಡು, ಫ್ರೆಡ್ ಫಾಸ್ಟರನ ನಿರ್ಮಾಣದಲ್ಲಿ, ‘ಲಾಸ್ಟ್ ಆಫ್ ದಿ ಬ್ರೀಡ್’ ಎಂಬ ಎರಡು ತಟ್ಟೆಗಳ, ೨೨ ಗೀತಗಳ ಸಂಪುಟವನ್ನು ಹೊರತಂದರು. ಆಗ ಪ್ರೈಸನಿಗೆ ೮೧, ನೆಲ್ಸನ್ನನಿಗೆ ೭೩, ಹ್ಯಾಗರ್ಡನಿಗೆ ೬೯ ವರ್ಷ. ಫ್ರಿಜೆಲನ, ಟಿಲ್ಮನ್ನನ ಹಳೆಯ ಹಾಡುಗಳು ಇದರಲ್ಲಿವೆ. ಪ್ರೈಸನ ಕಂಠವು ಆ ವಯಸ್ಸಿನಲ್ಲಿಯೂ ತುಂಬಿಯೇ ಇರುವುದು ಆಶ್ಚರ್ಯ.

ಇದರಲ್ಲಿ ಪ್ರೈಸ್-ನೆಲ್ಸನ್ನರು ಇಬ್ಬರೇ ಹಾಡಿದ ‘ಲಾಸ್ಟ್ ಹೈವೇ’ ಎಂಬ ಗೀತವು ನಮ್ಮ ವಿಚಾರಕ್ಕೆ ಕಿರೀಟಪ್ರಾಯವಾಗಿದೆ. ಅಂಧಕವಿಯಾದ ಲಿಯಾನ್ ಪೇನನ ರಚನೆ ಅದು. ಹ್ಯಾಂಕ್ ವಿಲಿಯಮ್ಸನು ೧೯೪೯ರಲ್ಲಿ ಅದನ್ನು ಹಾಡಿ ಪ್ರಸಿದ್ಧಪಡಿಸಿದನು. ದಾರಿ ತಪ್ಪಿ ಕೆಟ್ಟವನೊಬ್ಬನು ಕಿರಿಯರಿಗೆ, ನನ್ನಂತೆ ನೀವು ಅಲೆಯಬೇಡಿರೆಂದು ಹೇಳುವ ಬುದ್ಧಿವಾದ ಅದರ ವಸ್ತು. ಅದನ್ನು ಹಾಡಿದಾಗ ವಿಲಿಯಮ್ಸನಿಗೆ ೨೫ ವರ್ಷ. ಹಿರಿಯನ ಮಾತನ್ನು ಕಿರಿಯನ ಬಾಯಲ್ಲಿ ಇಟ್ಟಂತಿತ್ತು. ಆದರೆ ೧೯೫೩ರ ಜನವರಿ ೧ರಂದು, ೨೯ನೆಯ ವಯಸ್ಸಿನಲ್ಲಿ, ಹಾಡುವುದಕ್ಕೆಂದು ಹೋಗುತ್ತಿದ್ದ ಕಾರಿನಲ್ಲಿಯೇ ಅವನು ಸತ್ತುದರಿಂದ ಆ ಮಾತು ದಾರುಣವಾಗಿ ನಿಜವಾಯಿತು. ಅವನ ಜೊತೆಯಲ್ಲಿ ವಾಸವಾಗಿದ್ದ ಗೆಳೆಯನು ಅರ್ಧ ಶತಮಾನಕ್ಕೂ ಮಿಗಿಲಾದ ಕಾಲದ ಮೇಲೆ ಅದೇ ಹಾಡನ್ನು ಎತ್ತಿಕೊಂಡಾಗ ಅದರ ‘ನಾನು’ ಯಾರು? ಪೇನನೆ? ವಿಲಿಯಮ್ಸನೆ? ೮೧ ವರ್ಷ ಬದುಕಿ ಉಳಿದ ಪ್ರೈಸನೆ? ಪಕ್ಕದಲ್ಲಿ ನಿಂತ ನೆಲ್ಸನ್ನನೆ? ನಾಲ್ವರೂ ಹೌದು. ಕೇಳುವ ನಾವು ಐದನೆಯವರು. ಹಾಡಿನ ಬುದ್ಧಿವಾದವು ಕೊನೆಗೂ ಅದಕ್ಕೆ ತಕ್ಕ ವಯಸ್ಸಿನ ಬಾಯಿಗೆ ಬಂದು ಸೇರಿದೆ. ಆ ವರ್ಷದ ಸಹಗಾನಗಳಲ್ಲಿ ಶ್ರೇಷ್ಠವೆಂದು ೨೦೦೮ರಲ್ಲಿ ಇದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದುದು ಉಚಿತವಾಗಿಯೇ ಇದೆ.

೨೦೧೩ರ ಡಿಸೆಂಬರ್ ೧೬ರಂದು ಪ್ರೈಸನು ತೀರಿಕೊಂಡನು. ೨೦೧೬ರಲ್ಲಿ ನೆಲ್ಸನ್ನನು ‘ಫಾರ್ ದಿ ಗುಡ್ ಟೈಮ್ಸ್’ ಎಂಬ ಸಂಪುಟವನ್ನು ಗೆಳೆಯನ ನೆನಪಿಗೆ ಅರ್ಪಿಸಿದನು. ‘ಕ್ರೇಜಿ ಆರ್ಮ್ಸ್’ ಅದರಲ್ಲಿ ಮತ್ತೆ ಬಂದಿದೆ. ‘ನೈಟ್ ಲೈಫ್’ ಬಂದಿದೆ. ೧೯೮೦ರಲ್ಲಿ ಇಬ್ಬರೂ ಹಾಡಿದ್ದ ಇನ್ನೂ ಕೆಲವು ಬಂದಿವೆ. ಮುಖ್ಯಗಾಯಕನು ಈಗ ಒಬ್ಬನೇ. ಏಕಾಕಿಯ ಹಾಡುಗಳು ಮತ್ತೆ ಏಕಾಕಿಗೆ ದಕ್ಕಿದುವು. ಆದರೆ ೧೯೮೦ರ ಸಂಪುಟವನ್ನು ಬಲ್ಲವನಿಗೆ ಇವು ಮೊದಲಿನಂತೆ ಕೇಳಿಸಲಾರವು. ನೆಲ್ಸನ್ನನು ತನ್ನ ಪದ್ಧತಿಯಂತೆ ತಾಳದಿಂದ ಹಿಂದೆ ಉಳಿದಾಗಲೆಲ್ಲ, ಆ ತೆರಪಿನಲ್ಲಿ ನೆಟ್ಟಗೆ ನಡೆಯುತ್ತಿದ್ದ ಮತ್ತೊಂದು ಕಂಠಕ್ಕಾಗಿ ಕಿವಿಯು ಕಾಯುತ್ತದೆ. ಹಾಡಿನಲ್ಲಿ ಇಲ್ಲದಿರುವ ‘ನೀನು’ ಈಗ ಹಳೆಯ ಜೊತೆಗಾರನೇ ಆಗಿದ್ದಾನೆ.

ಮೊದಲು ಎತ್ತಿದ ಪ್ರಶ್ನೆಗೆ ಇದರಿಂದ ದೊರೆಯುವ ಉತ್ತರವಿಷ್ಟು. ಏಕಾಕಿಯ ಹಾಡನ್ನು ಇಬ್ಬರು ಹಾಡಬಹುದು. ಇಬ್ಬರೂ ತಮ್ಮ ತಮ್ಮ ಕಾಲಗತಿಯನ್ನು ಕಳೆದುಕೊಳ್ಳದೆ ಹಾಡಿದರೆ, ಅದರ ಏಕಾಂತವು ಕಡಿಮೆಯಾಗದೆ ಒಬ್ಬನ ದುಃಖದಿಂದ ಒಂದು ಪರಂಪರೆಯ ದುಃಖವಾಗುತ್ತದೆ. ಒಬ್ಬನು ಇನ್ನೊಬ್ಬನಿಗೆ ಗೌರವದಿಂದ ಎಡೆಬಿಟ್ಟು ಸುಮ್ಮನಾದರೆ ಉಳಿಯುವುದು ಸನ್ಮಾನ ಮಾತ್ರ. ಹಳೆಯ ಕೃತಿಯನ್ನು ಮತ್ತೆ ಓದಿಸುವ ನಾವು ಉಪಾಧ್ಯಾಯರೂ ಒಂದು ಬಗೆಯಲ್ಲಿ ಎರಡನೆಯ ಕಂಠವೇ. ಕವಿಯ ಮುಂದೆ ಸುಮ್ಮನೆ ಕೈಮುಗಿದು ನಿಂತರೆ ಸಾಲದು. ಅವನ ಮಾತನ್ನು ನಮ್ಮ ನಡೆಯಲ್ಲಿ ನುಡಿದು, ಅವನಿಗಾಗಿ ತುಸು ಕಾಯಲೂ ಕಲಿಯಬೇಕು.